ಸೀಟಿನಲ್ಲೇ ಇರುವ ಅಪ್ಲಿಕೇಶನ್ ಸಾಹೇಬರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಡೆಸ್ಕ್‌ಟಾಪ್ ಅಪ್ಲಿಕೇಶನ್ ಸಾಹೇಬರು,
ಟಾಸ್ಕ್‌ಬಾರ್, ಸ್ಕ್ರೀನಿನ ಕೆಳಭಾಗ.

ವಿಷಯ: ತಾವು ಚಾಲ್ತಿಯಲ್ಲಿರುವಾಗಲೇ ಟರ್ಮಿನಲ್ಲಿನಿಂದ ಒಂದು ಮಾತು ಹೇಳಲು ಅವಕಾಶ ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ಬೆಳಗ್ಗೆಯಿಂದಲೂ ಸೀಟಿನಲ್ಲೇ ಇದ್ದೀರಿ. ಮೆಮೊರಿಯಲ್ಲಿ ಧಾರಾಳವಾಗಿ ಜಾಗ ಮಾಡಿಕೊಂಡಿದ್ದೀರಿ, ಲ್ಯಾಪ್‌ಟಾಪಿನ ಫ್ಯಾನು ತಮ್ಮ ಸೇವೆಗೆಂದೇ ತಿರುಗುತ್ತಿದೆ. ಆದ್ದರಿಂದ ತಾವು ರಜೆಯ ಮೇಲಿದ್ದೀರಿ ಎನ್ನುವಂತಿಲ್ಲ. ಆದರೂ ಹೊರಗಿನಿಂದ ಒಂದು ಚೀಟಿ ಕಳಿಸಿದರೆ ಅದನ್ನು ಈಸಿಕೊಳ್ಳುವವರೇ ಇಲ್ಲ. ಖುದ್ದು ಬರಬೇಕು. ಬಂದು ಮೌಸ್ ಹಿಡಿಯಬೇಕು, ಮೆನು ಇಳಿಸಬೇಕು, ಇಳಿದ ಮೆನುವಿನಿಂದ ಬಲಕ್ಕೆ ಚಾಚಿಕೊಂಡ ಇನ್ನೊಂದು ಮೆನುವಿನೊಳಗೆ ಕೈ ನಡುಗದಂತೆ ಜಾರಬೇಕು, ಒಂದು ಕೂದಲೆಳೆ ಆಚೀಚೆಯಾದರೆ ಎರಡೂ ಮಾಯವಾಗುವುದನ್ನು ನೋಡಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಈ ದರ್ಶನಭಾಗ್ಯಕ್ಕೆ ನಾವು ಸದಾ ಋಣಿಗಳು.

ತಪ್ಪು ತಿಳಿಯಬಾರದು. ತಮ್ಮನ್ನು ಕರೆಯುವುದು ಹೇಗೆಂದು ನಮಗೆ ಗೊತ್ತು. ಟರ್ಮಿನಲ್ಲಿನಲ್ಲಿ ತಮ್ಮ ಹೆಸರು ಟೈಪಿಸಿ ಎಂಟರ್ ಒತ್ತಿದರೆ ತಾವು ಪ್ರತ್ಯಕ್ಷರಾಗುತ್ತೀರಿ. ನನ್ನ ಅರ್ಜಿ ಪ್ರತ್ಯಕ್ಷರಾದ ಮೇಲಿನ ಮಾತಿಗೆ ಸಂಬಂಧಿಸಿದ್ದು. ಈಗ ಓಡುತ್ತಿರುವ ಹಾಡನ್ನು ನಿಲ್ಲಿಸಿ, ಈಗ ತೆರೆದಿರುವ ಕಡತವನ್ನು ಸೇವ್ ಮಾಡಿ, ಈ ಹಾಳೆಯ ಮೂರನೆಯ ಕಾಲಮ್ಮನ್ನು ಅತ್ತ ಕಳಿಸಿ. ಇಷ್ಟನ್ನು ಒಂದು ಸಾಲಿನಲ್ಲಿ ಬರೆದು ತಮಗೆ ತಲುಪಿಸಬೇಕು, ತಾವು ಮಾಡಿ ಮುಗಿಸಬೇಕು. ಆ ಸಾಲನ್ನು ನಾನು ಒಂದು ಸ್ಕ್ರಿಪ್ಟಿನಲ್ಲಿಟ್ಟು, ರಾತ್ರಿ ಹನ್ನೊಂದಕ್ಕೆ ತಾನೇ ನಡೆಯುವಂತೆ ಮಾಡಿ, ಮಲಗಬೇಕು. ಬಹುಶಃ ತಮಗೆ ಸೇರದಿರುವುದು ಈ ಕೊನೆಯ ಭಾಗವೇ.

ನ್ಯಾಯವಾಗಿ ಹೇಳಬೇಕೆಂದರೆ, ಯುನಿಕ್ಸ್ ಕುಲದ ಯಂತ್ರಗಳಲ್ಲಿ ತಾವೆಲ್ಲರೂ ತಪ್ಪದೆ ಕೇಳುವ ಒಂದು ಆಜ್ಞೆ ಇದೆ: ಕಿಲ್. 15ನೇ ನಂಬರಿನ ಸಿಗ್ನಲ್ ಕಳಿಸಿದರೆ ತಾವು ಬಟ್ಟೆಬರೆ ಜೋಡಿಸಿಕೊಂಡು ಹೊರಡಬಹುದು, ಮನಸ್ಸಿಲ್ಲದಿದ್ದರೆ ಕೇಳಿಸದಂತೆ ಇರಲೂಬಹುದು. 9ನೇ ನಂಬರಿಗೆ ಆ ಅವಕಾಶವಿಲ್ಲ. ಅದು ಬಂದರೆ ಮುಗಿಯಿತು. ಜೊತೆಗೆ ಸ್ಟಾಪ್ ಎಂಬುದೊಂದಿದೆ, ನಿಂತಲ್ಲೇ ಕಲ್ಲಾಗುತ್ತೀರಿ. ಕಂಟಿನ್ಯೂ ಎಂದರೆ ಅಹಲ್ಯೆಯಂತೆ ಏಳುತ್ತೀರಿ. ಆದರೆ ಸಿಗ್ನಲ್ಲಿಗೆ ನಂಬರು ಮಾತ್ರ ಇರುತ್ತದೆ, ಮಾತು ಇರುವುದಿಲ್ಲ. ಫೈಲ್ ನಕಲು ಮಾಡುವ ಹಳೆಯ ಡಿಡಿ ಆಜ್ಞೆಗೆ ಲಿನಕ್ಸಿನಲ್ಲಿ ಯುಎಸ್‌ಆರ್1 ಸಿಗ್ನಲ್ ಕೊಟ್ಟರೆ ಅದು ಎಷ್ಟು ಕೆಲಸವಾಗಿದೆ ಎಂದು ಹೇಳಿ ಮುಂದುವರಿಯುತ್ತದೆ. ಕಿಟಕಿಯೇ ಇಲ್ಲದ ಆ ಬಡಪಾಯಿಗೆ ಇರುವ ಸೌಜನ್ಯ ತಮಗೂ ಬರಲಿ ಎಂದು ಆಶಿಸುತ್ತೇನೆ. ಸದ್ಯಕ್ಕಂತೂ ತಮ್ಮ ಪೈಕಿ ಬಹುಪಾಲು ಮಂದಿಯನ್ನು ಟರ್ಮಿನಲ್ಲಿನಿಂದ ಕೊಲ್ಲಬಹುದೇ ಹೊರತು ಮಾತನಾಡಿಸಲು ಬರುವುದಿಲ್ಲ.

ತಮ್ಮ ಹಿರಿಯರು ಹೀಗಿರಲಿಲ್ಲ. 1987ರಲ್ಲಿ ಅಮಿಗಾ ಕಂಪ್ಯೂಟರಿಗೆಂದು ವಿಲಿಯಂ ಹಾಸ್ ಎಂಬವರು ಎಆರೆಕ್ಸ್ ಬರೆದರು. ಅದೇ ವರ್ಷ ಮಾರುಕಟ್ಟೆಗೆ ಬಂದ ಅಮಿಗಾ 500ರಲ್ಲಿ ಇದ್ದದ್ದು 512 ಕಿಲೋಬೈಟ್ ಮೆಮೊರಿ. ತಮ್ಮಲ್ಲಿ ಕೆಲವರ ಐಕಾನಿಗೇ ಅದು ಸಾಲದು. ಆ ಯಂತ್ರದಲ್ಲಿ ಓಡುವ ಅಪ್ಲಿಕೇಶನ್ ತನಗೊಂದು ಪೋರ್ಟ್ ತೆರೆದಿಟ್ಟು ಅದಕ್ಕೆ ಹೆಸರಿಡುತ್ತಿತ್ತು. ಸ್ಕ್ರಿಪ್ಟಿನಲ್ಲಿ 'ಅಡ್ರೆಸ್' ಎಂದು ಬರೆದು ಆ ಹೆಸರು ಹೇಳಿದರೆ ಮುಂದಿನ ಸಾಲುಗಳು ನೇರ ಅದರ ಕಿವಿಗೇ ಹೋಗುತ್ತಿದ್ದವು. ಚಿತ್ರ ಬಿಡಿಸುವ ಒಂದು ಕಂಪನಿಯ ಸಾಫ್ಟ್‌ವೇರ್, ಪುಟ ಕಟ್ಟುವ ಇನ್ನೊಂದು ಕಂಪನಿಯ ಸಾಫ್ಟ್‌ವೇರ್, ಎರಡನ್ನೂ ಒಂದೇ ಸ್ಕ್ರಿಪ್ಟು ಕುಣಿಸುತ್ತಿತ್ತು. 1990ರಲ್ಲಿ ಅಮಿಗಾದ ಆಪರೇಟಿಂಗ್ ಸಿಸ್ಟಂ 2.0 ಬಂದಾಗ ಎಆರೆಕ್ಸ್ ಅದರ ಜೊತೆಯಲ್ಲೇ ಬಂತು, ಪ್ರತ್ಯೇಕವಾಗಿ ಕೊಳ್ಳುವ ಅಗತ್ಯವೂ ಉಳಿಯಲಿಲ್ಲ. ಆಮೇಲೆ ಅಮಿಗಾ ಉಳಿಯಲಿಲ್ಲ, ಅದು ಬೇರೆ ಕಥೆ.

1993ರಲ್ಲಿ ಮ್ಯಾಕಿಗೆ ಆಪಲ್‌ಸ್ಕ್ರಿಪ್ಟ್ ಬಂತು. ಕಂಪ್ಯೂಟರಿಗೆ ಇಂಗ್ಲಿಷ್ ವಾಕ್ಯದಂತೆಯೇ ಆಜ್ಞೆ ಬರೆಯಬಹುದೆಂಬ ಆಸೆಯಿಂದ ಹುಟ್ಟಿದ ಭಾಷೆ ಅದು. ಆರಂಭದಲ್ಲಿ ಅದಕ್ಕೆ ಫ್ರೆಂಚ್ ಮತ್ತು ಜಪಾನೀ ರೂಪಗಳೂ ಇದ್ದವು, ನಂತರ ಕೈಬಿಟ್ಟರು. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲೂ ತಮಗೆ ಆಜ್ಞೆ ಕೊಡಬಹುದೆಂದು ಜಪಾನೀ ರೂಪ ತೋರಿಸಿಕೊಟ್ಟಿತ್ತು. 'ಮೊದಲ ಕಿಟಕಿಯನ್ನು ಮುಚ್ಚು' ಎಂದರೂ ತಮಗೆ ಅರ್ಥವಾಗಲು ತಾಂತ್ರಿಕ ಅಡ್ಡಿ ಏನೂ ಇರಲಿಲ್ಲ ಎಂದಾಯಿತು. ಪತ್ರಿಕೆ, ಪುಸ್ತಕಗಳ ಪುಟ ಕಟ್ಟುವವರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇವತ್ತಿಗೂ ಮ್ಯಾಕಿನ ಟರ್ಮಿನಲ್ಲಿನಲ್ಲಿ ಓಸಾಸ್ಕ್ರಿಪ್ಟ್ ಎಂಬ ಆಜ್ಞೆಯ ಮುಂದೆ ಒಂದು ಸಾಲು ಬರೆದು ಮ್ಯೂಸಿಕ್ ಸಾಹೇಬರನ್ನು ಸುಮ್ಮನಿರಿಸಬಹುದು. ಆದರೆ 2016ರಲ್ಲಿ ಆಪಲ್ ತನ್ನ ಆಟೊಮೇಶನ್ ವಿಭಾಗ ನೋಡಿಕೊಳ್ಳುತ್ತಿದ್ದ ಪ್ರಾಡಕ್ಟ್ ಮ್ಯಾನೇಜರ್ ಸಾಲ್ ಸೊಗೋಯಿಯನ್ ಅವರ ಹುದ್ದೆಯನ್ನೇ ತೆಗೆದುಹಾಕಿತು. ತಾನೇ ನಡೆಯುವ ಕೆಲಸಕ್ಕೆ ಮ್ಯಾನೇಜರ್ ಯಾಕೆ ಎನಿಸಿರಬೇಕು.

ಲಿನಕ್ಸಿನ ಕಡೆಯವರಿಗೆ ವಿಶೇಷ ವಂದನೆ. 2000ದಲ್ಲಿ ಬಂದ ಕೆಡಿಇ 2 ಎಂಬ ಡೆಸ್ಕ್‌ಟಾಪ್ ಪರಿಸರದಲ್ಲಿ ಡಿಕಾಪ್ ಎಂಬ ವ್ಯವಸ್ಥೆ ಇತ್ತು. ಟರ್ಮಿನಲ್ಲಿನಲ್ಲಿ ಬರೀ 'ಡಿಕಾಪ್' ಎಂದರೆ ಯಾರ್ಯಾರು ಸೀಟಿನಲ್ಲಿದ್ದಾರೆ ಎಂಬ ಪಟ್ಟಿ ಬರುತ್ತಿತ್ತು. ಹೆಸರು ಸೇರಿಸಿದರೆ ಅವರ ಬಳಿ ಯಾವ್ಯಾವ ಶಾಖೆ ಇದೆ ಎಂದು, ಶಾಖೆ ಸೇರಿಸಿದರೆ ಅಲ್ಲಿ ಯಾವ್ಯಾವ ಕೆಲಸ ಮಾಡಿಕೊಡುತ್ತಾರೆ ಎಂದು. ಕೈಪಿಡಿ ಓದದೆಯೇ ಕೇಳುತ್ತ ಕೇಳುತ್ತ ಬಾಗಿಲು ಸಿಗುತ್ತಿತ್ತು. 'ಡಿಕಾಪ್ ಅಮರೋಕ್ ಪ್ಲೇಯರ್ ಪ್ಲೇಪಾಸ್': ನಾಲ್ಕು ಪದ, ಅಮರೋಕ್ ಪ್ಲೇಯರಿನ ಹಾಡು ನಿಂತಿತು.

ಇಷ್ಟು ಸಲೀಸಾಗಿದ್ದರೆ ಇಲಾಖೆಯ ಗೌರವ ಉಳಿಯುವುದಾದರೂ ಹೇಗೆ? 2008ರ ಜನವರಿಯಲ್ಲಿ ಕೆಡಿಇ 4 ಬರುವ ಹೊತ್ತಿಗೆ ಡಿಕಾಪ್ ನಿವೃತ್ತವಾಗಿ ಆ ಜಾಗಕ್ಕೆ ಡಿ-ಬಸ್ ಬಂದಿತ್ತು. ಡಿ-ಬಸ್ ಕೆಟ್ಟದ್ದಲ್ಲ. ಗ್ನೋಮ್, ಕೆಡಿಇ ಎರಡೂ ಡೆಸ್ಕ್‌ಟಾಪುಗಳಿಗೆ ಒಂದೇ ಟಪಾಲು ವ್ಯವಸ್ಥೆ ಸಿಕ್ಕಿದ್ದು ದೊಡ್ಡ ಸಂಗತಿಯೇ. ಆದರೆ ವಿಎಲ್‌ಸಿ ಸಾಹೇಬರಿಗೆ 'ಪಾಸ್' ಎನ್ನಲು ಈಗ ನಾನು ಬರೆಯಬೇಕಾದ ವಿಳಾಸ ಹೀಗಿದೆ: ಸ್ವೀಕರಿಸುವವರು ಆರ್ಗ್ ಚುಕ್ಕಿ ಎಂಪ್ರಿಸ್ ಚುಕ್ಕಿ ಮೀಡಿಯಾಪ್ಲೇಯರ್2 ಚುಕ್ಕಿ ವಿಎಲ್‌ಸಿ, ದಾರಿ, ಓರೆಗೆರೆ ಆರ್ಗ್ ಓರೆಗೆರೆ ಎಂಪ್ರಿಸ್ ಓರೆಗೆರೆ ಮೀಡಿಯಾಪ್ಲೇಯರ್2, ಮಾಡಬೇಕಾದ ಕೆಲಸ, ಆರ್ಗ್ ಚುಕ್ಕಿ ಎಂಪ್ರಿಸ್ ಚುಕ್ಕಿ ಮೀಡಿಯಾಪ್ಲೇಯರ್2 ಚುಕ್ಕಿ ಪ್ಲೇಯರ್ ಚುಕ್ಕಿ ಪಾಸ್. ಇದನ್ನೆಲ್ಲ ತಪ್ಪಿಲ್ಲದೆ ಬರೆಯುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ.

ಡಿಬಸ್-ಸೆಂಡ್ ಎಂಬ ಆಜ್ಞೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯಾವ ಬಗೆಯ ಸಂದೇಶ ಎಂದು ನಾನು ನಮೂದಿಸದಿದ್ದರೆ ಅದು ನನ್ನ ಕೋರಿಕೆಯನ್ನು ಕೋರಿಕೆಯೆಂದೇ ಪರಿಗಣಿಸುವುದಿಲ್ಲ. ಸಿಗ್ನಲ್ ಎಂದು, ಅಂದರೆ ಸುಮ್ಮನೆ ಒಂದು ಸಾರ್ವಜನಿಕ ಪ್ರಕಟಣೆ ಎಂದು ಭಾವಿಸಿ ರವಾನಿಸಿಬಿಡುತ್ತದೆ. ತಪ್ಪಾಗಿದೆ ಎಂಬ ಸೂಚನೆ ಬರುವುದಿಲ್ಲ. ಕರ್ಸರ್ ಮುಂದಿನ ಸಾಲಿಗೆ ಬಂದು ಮಿಟುಕುತ್ತದೆ, ಹಾಡು ನಡೆಯುತ್ತಲೇ ಇರುತ್ತದೆ. 'ಪ್ರಿಂಟ್-ರಿಪ್ಲೈ' ಎಂದು ಸೇರಿಸಿದರೆ ಅದು ಉತ್ತರ ಬೇಕಾದ ಅರ್ಜಿ ಎಂದು ತಿಳಿದು ವಿಲೇವಾರಿ ನಡೆಯುತ್ತದೆ. ಸ್ವೀಕೃತಿ ಕೇಳದವನ ಅರ್ಜಿಯನ್ನು ಹೀಗೆ ನೋಡುವ ಪದ್ಧತಿ ನಮ್ಮ ಕಡೆಯ ಕಚೇರಿಗಳಿಗಷ್ಟೇ ಸೇರಿದ್ದೆಂದು ತಿಳಿದಿದ್ದೆ.

ಪುಣ್ಯಕ್ಕೆ ಈ ಉದ್ದ ವಿಳಾಸವನ್ನು ತಾನೇ ಬರೆದುಕೊಡುವ ಪ್ಲೇಯರ್‌ಸಿಟಿಎಲ್ ಎಂಬ ಅರ್ಜಿ ಬರಹಗಾರನೊಬ್ಬನಿದ್ದಾನೆ. ಅವನಿಗೆ 'ಪಾಸ್' ಎಂದರೆ ಸಾಕು. ವಿಎಲ್‌ಸಿ ಇರಲಿ, ಫೈರ್‌ಫಾಕ್ಸಿನ ಟ್ಯಾಬಿನಲ್ಲಿ ಓಡುತ್ತಿರುವ ಯಕ್ಷಗಾನ ಇರಲಿ, ಚೆಂಡೆ ನಿಲ್ಲುತ್ತದೆ. ಹಾಡು ನುಡಿಸುವವರೆಲ್ಲ ಕೂತು ಎಂಪ್ರಿಸ್ ಎಂಬ ಒಂದೇ ನಿಯಮಕ್ಕೆ ಒಪ್ಪಿದ್ದರಿಂದ ಇದು ಆಯಿತು. ಪತ್ರ ಬರೆಯುವವರು, ಲೆಕ್ಕ ಇಡುವವರು, ಚಿತ್ರ ತಿದ್ದುವವರು ಹಾಗೆ ಒಂದು ಕಡೆ ಕೂರುವುದು ಯಾವಾಗ ಎಂದು ಕೇಳುವ ಧೈರ್ಯ ನನಗಿಲ್ಲ.

ಕನ್ನಡದ ಕೆಲಸ ಮಾಡುವವರ ಪರವಾಗಿ ಎರಡು ಮಾತು. ದೀಪಾವಳಿ ವಿಶೇಷಾಂಕದ ಹೊತ್ತಿನಲ್ಲಿ ಒಂದು ಪತ್ರಿಕೆಯ ಡಿಟಿಪಿ ಕೋಣೆ ಹೇಗಿರುತ್ತದೆಂದು ತಾವು ಬಲ್ಲಿರಿ, ಅಲ್ಲಿ ರಾತ್ರಿಯಿಡೀ ಓಪನ್ ಆಗಿ ಕೂತಿರುವುದು ತಾವೇ. ಕಥೆ ಒಬ್ಬರು ನುಡಿ ತಂತ್ರಾಂಶದಲ್ಲಿ ಟೈಪಿಸಿರುತ್ತಾರೆ, ಪ್ರಬಂಧ ಇನ್ನೊಬ್ಬರು ಯುನಿಕೋಡಿನಲ್ಲಿ, ಕವಿಗಳು ವಾಟ್ಸಾಪಿನಲ್ಲಿ. ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ, ಕರಡು ತಿದ್ದುವವರಿಗೆಂದು ಸಾಲಾಗಿ ಪಿಡಿಎಫ್ ಮಾಡಬೇಕು. ಲಿಬ್ರೆಆಫೀಸಿನಲ್ಲಿ ಇದಕ್ಕೆ ಒಂದೇ ಸಾಲಿನ ಆಜ್ಞೆ ಇದೆ: ಕಿಟಕಿ ತೆರೆಯದೆ, ಫೋಲ್ಡರಿನಲ್ಲಿರುವುದನ್ನೆಲ್ಲ ಪಿಡಿಎಫ್ ಮಾಡಿ ಇಡು. ಚಂದದ ಆಜ್ಞೆ. ಆದರೆ ಅದೇ ಯಂತ್ರದಲ್ಲಿ ಅದೇ ಲಿಬ್ರೆಆಫೀಸಿನ ಕಿಟಕಿಯೊಂದು ತೆರೆದಿದ್ದರೆ, ಹೊಸ ಆಜ್ಞೆ ತಾನೇ ಕೆಲಸ ಮಾಡದೆ, ಆಗಲೇ ಕೂತಿರುವ ಹಿರಿಯರಿಗೆ ವಿಷಯ ಒಪ್ಪಿಸಿ ಹಿಂದೆ ಸರಿಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಆ ಹಿರಿಯರು ಅದನ್ನು ಈಸಿಕೊಂಡು ಏನೂ ಮಾಡುತ್ತಿರಲಿಲ್ಲ. ದೋಷ ಸಂದೇಶವಿಲ್ಲ, ಪಿಡಿಎಫ್ ಇಲ್ಲ. ಆಪರೇಟರ್ ಖಾಲಿ ಫೋಲ್ಡರನ್ನು ನೋಡಿ ಎಫ್5 ಒತ್ತುತ್ತ ಕೂರಬೇಕು.

ಪರಿಹಾರವೂ ಸೊಗಸಾಗಿದೆ. ಆಜ್ಞೆಯ ಜೊತೆಗೆ 'ಯೂಸರ್ ಇನ್‌ಸ್ಟಲೇಶನ್' ಎಂದು ಬರೆದು ಬೇರೊಂದು ತಾತ್ಕಾಲಿಕ ಫೋಲ್ಡರಿನ ದಾರಿ ಕೊಡಬೇಕು. ಆಗ ಲಿಬ್ರೆಆಫೀಸ್ ಇದು ಬೇರೆ ಯಾರದೋ ಸಂಸಾರ ಎಂದು ತಿಳಿದು, ಹಿರಿಯರನ್ನು ಕೇಳದೆ, ಪ್ರತ್ಯೇಕವಾಗಿ ಕೆಲಸ ಮುಗಿಸಿಕೊಡುತ್ತದೆ. ಓಡುತ್ತಿರುವ ಅಪ್ಲಿಕೇಶನ್ನಿನಿಂದ ಕೆಲಸ ತೆಗೆಯುವ ಖಚಿತ ಮಾರ್ಗವೆಂದರೆ ಅದು ಓಡುತ್ತಲೇ ಇಲ್ಲ ಎಂದು ನಟಿಸುವುದು. ಹಾಗಾದರೆ ತಾವು ಕೂತಿದ್ದು ಯಾತಕ್ಕೆ ಎಂದು ಕೇಳಿದರೆ ಅಧಿಕಪ್ರಸಂಗವಾದೀತು.

ಇನ್ನು ಬಾಗಿಲು ಕೊಡದ ತಮ್ಮ ಬಳಗದವರಿಗಾಗಿ ನಾವು ಕಂಡುಕೊಂಡ ಅಡ್ಡದಾರಿ: ಸುಳ್ಳು ಬೆರಳು. ಎಕ್ಸ್‌ಡೂಟೂಲ್ ಎಂಬ ಸಾಧನ, ಲಿನಕ್ಸಿನಲ್ಲಿ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11ರ ಪರದೆಯ ಮೇಲೆ ಕಿಟಕಿಯನ್ನು ಹೆಸರಿನಿಂದ ಹುಡುಕಿ, ಮುಂದೆ ತಂದು, ಕೀಲಿ ಒತ್ತಿದಂತೆ ನಟಿಸುತ್ತದೆ. ಎದುರಿಗೆ ಮನುಷ್ಯನಿದ್ದಾನೆಂದು ತಾವು ನಂಬುತ್ತೀರಿ. ಇಂಗ್ಲಿಷ್ ಟೈಪಿಸುವವರೆಗೆ ನಾಟಕ ಚೆನ್ನಾಗಿಯೇ ನಡೆಯುತ್ತದೆ. ಕನ್ನಡ ಕೀಲಿವಿನ್ಯಾಸ ಹಾಕದೆ 'ಸ್ವಾತಂತ್ರ್ಯ' ಎಂದು ಟೈಪಿಸಲು ಹೇಳಿ ನೋಡಿ. ಈ ಒಂದು ಪದ ಯುನಿಕೋಡಿನ ಲೆಕ್ಕದಲ್ಲಿ 11 ಘಟಕ: ಸ, ಹಲಂತ, ವ, ದೀರ್ಘ, ತ, ಸೊನ್ನೆ, ಮತ್ತೆ ತ, ಹಲಂತ, ರ, ಹಲಂತ, ಯ. ಕೀಬೋರ್ಡಿನಲ್ಲಿ ಇಲ್ಲದ ಪ್ರತಿ ಅಕ್ಷರಕ್ಕೂ ಎಕ್ಸ್‌ಡೂಟೂಲ್ ಖಾಲಿ ಇರುವ ಒಂದು ಕೀಲಿಗೆ ಆ ಅಕ್ಷರವನ್ನು ತಾತ್ಕಾಲಿಕವಾಗಿ ಅಂಟಿಸಿ, ಒತ್ತಿ, ಕಿತ್ತು, ಮುಂದಿನದನ್ನು ಅಂಟಿಸುತ್ತದೆ. ಕೀಲಿ ಬದಲಾದ ಸುದ್ದಿ ತಮಗೆ ತಡವಾಗಿ ಮುಟ್ಟಿತೋ, ಅಕ್ಷರಗಳು ಅದಲುಬದಲು. ಹಲಂತಗಳಷ್ಟೇ ಜಾರಿಬಿದ್ದರೆ ಪರದೆಯ ಮೇಲೆ 'ಸವಾತಂತರಯ' ಉಳಿಯುತ್ತದೆ. ಒಂದನೇ ತರಗತಿಯ ಮಗು ಬರೆದಂತಿದೆ ಎಂದು ಬೇಕಾದರೆ ಮೆಚ್ಚಿಕೊಳ್ಳಬಹುದು.

ಆ ನಾಟಕಕ್ಕೂ ಈಗ ತೆರೆ ಬೀಳುತ್ತಿದೆ. ಎಕ್ಸ್11ರ ಜಾಗಕ್ಕೆ ಬಂದಿರುವ ವೇಲ್ಯಾಂಡ್‌ನಲ್ಲಿ ಒಂದು ಅಪ್ಲಿಕೇಶನ್ ಇನ್ನೊಂದರ ಕೀಲಿ ಒತ್ತುವಂತಿಲ್ಲ, ಪಕ್ಕದವರ ಕಿಟಕಿ ಇಣುಕುವಂತಿಲ್ಲ. ಉಬುಂಟು 25.10ರಲ್ಲಿ ಗ್ನೋಮಿನ ಹಳೆಯ ಎಕ್ಸ್11 ಸೆಷನ್ನೇ ಇಲ್ಲ. ಗ್ನೋಮ್ ಶೆಲ್ಲಿನಲ್ಲಿ ಡಿ-ಬಸ್ ಮೂಲಕ ಏನನ್ನು ಬೇಕಾದರೂ ಮಾಡಿಸಬಹುದಾಗಿದ್ದ ಇವ್ಯಾಲ್ ಎಂಬ ಕಿಂಡಿಗೆ 2021ರಲ್ಲಿ, 41ನೇ ಆವೃತ್ತಿಯಿಂದ, ಬೀಗ ಬಿದ್ದಿದೆ. ಈಗ ಉಳಿದಿರುವ ವೈಡೂಟೂಲಿನಂಥ ಸಾಧನಗಳು ಕರ್ನಲ್ಲಿಗೇ ಹೋಗಿ, ನಾನೊಂದು ಹೊಸ ಕೀಬೋರ್ಡು ಎಂದು ಸುಳ್ಳು ದಾಖಲೆ ಸಲ್ಲಿಸಬೇಕು. ಅದಕ್ಕೆ ವಿಶೇಷ ಅನುಮತಿ ಬೇಕು. ಹಾಡು ನಿಲ್ಲಿಸುವುದಕ್ಕೆ ಇಷ್ಟು.

ಸುರಕ್ಷತೆ ಎನ್ನುತ್ತೀರಿ. ವ್ಯಂಗ್ಯ ಬದಿಗಿಟ್ಟು ಹೇಳುತ್ತೇನೆ, ಆ ಮಾತಿನಲ್ಲಿ ಸತ್ಯವಿದೆ. ಎಕ್ಸ್11ರಲ್ಲಿ ಯಾವ ಅಪ್ಲಿಕೇಶನ್ ಬೇಕಾದರೂ ನಾನು ಬ್ಯಾಂಕಿನ ಪಾಸ್‌ವರ್ಡ್ ಒತ್ತುವುದನ್ನು ಕೇಳಿಸಿಕೊಳ್ಳಬಹುದಿತ್ತು. ಕ್ರೋಮಿನಲ್ಲಿ ರಿಮೋಟ್ ಡಿಬಗಿಂಗ್ ಪೋರ್ಟ್ ಎಂಬ ಬಾಗಿಲಿದೆ, ಪರೀಕ್ಷೆಗೆಂದು ಇಟ್ಟದ್ದು. ಕುಕೀ ಕದಿಯುವವರು ಅದರಿಂದಲೇ ನುಗ್ಗತೊಡಗಿದ್ದರಿಂದ 2025ರಲ್ಲಿ 136ನೇ ಆವೃತ್ತಿಯಿಂದ ನಿತ್ಯ ಬಳಸುವ ಪ್ರೊಫೈಲಿಗೆ ಅದು ತೆರೆಯದಂತೆ ಮಾಡಿದರು. ಅದರಲ್ಲಿ ತಕರಾರಿಲ್ಲ. ಆದರೆ ಕಳ್ಳ ಬರುವ ಬಾಗಿಲನ್ನು ಮುಚ್ಚುವಾಗ ಮನೆಯೊಡೆಯನಿಗೊಂದು ಕೀಲಿಕೈ ಮಾಡಿಸಿ ಕೊಡಬೇಕಿತ್ತಲ್ಲ? ಮ್ಯಾಕಿನವರು 2018ರ ಮೊಹಾವೇ ಆವೃತ್ತಿಯಲ್ಲಿ ಅಷ್ಟಾದರೂ ಮಾಡಿದರು: ಟರ್ಮಿನಲ್ ಇಂಥವರನ್ನು ನಿಯಂತ್ರಿಸಲು ಬಯಸುತ್ತಿದೆ, ಒಪ್ಪಿಗೆಯೇ ಎಂದು ಕೇಳುತ್ತದೆ, ಹೌದು ಎಂದರೆ ನೆನಪಿಟ್ಟುಕೊಳ್ಳುತ್ತದೆ. ಕಿರಿಕಿರಿಯೇ, ಆದರೂ ಕೇಳುವ ಶಿಷ್ಟಾಚಾರ ಇದೆ.

ವಿಂಡೋಸಿನ ಸಾಹೇಬರುಗಳ ವಿಷಯ ಬೇಗ ಮುಗಿಸುತ್ತೇನೆ. ಅಲ್ಲಿ ಎಕ್ಸೆಲ್ ತೆರೆದಿರುವಾಗಲೇ ಪವರ್‌ಶೆಲ್ಲಿನಿಂದ 'ಗೆಟ್ ಆ್ಯಕ್ಟಿವ್ ಆಬ್ಜೆಕ್ಟ್' ಎಂದು ಕರೆದು, ಆ ತೆರೆದ ಹಾಳೆಯನ್ನೇ ಹಿಡಿದು, ಬೇಕಾದ ಕೋಶಕ್ಕೆ ಬೇಕಾದ ಅಂಕಿ ತುಂಬಬಹುದು. ಮೂವತ್ತು ವರ್ಷ ಹಳೆಯ ಕಾಮ್ ತಂತ್ರದ ಕೃಪೆ. ವಿಂಡೋಸಿನ ಜೊತೆಗೇ ಬರುವ ಹಳೆಯ ಪವರ್‌ಶೆಲ್ 5.1ರಲ್ಲಿ ಇದು ನಡೆಯುತ್ತದೆ. ಹೊಸ 7ರಲ್ಲಿ ಆ ಕರೆಯೇ ಇಲ್ಲ. ಹಳೆಯ ಔಟ್‌ಲುಕ್ ಮಾತು ಕೇಳುತ್ತದೆ, ಹೊಸ ಔಟ್‌ಲುಕ್‌ಗೆ ಕಾಮ್ ಗೊತ್ತೇ ಇಲ್ಲ. ಬಡ್ತಿ ಸಿಕ್ಕವರು ಕೌಂಟರಿನಲ್ಲಿ ಕೂರುವುದಿಲ್ಲ, ಸಹಜ.

ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಈಮ್ಯಾಕ್ಸ್ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಈಮ್ಯಾಕ್ಸ್‌ಕ್ಲೈಂಟ್ ಮೂಲಕ ಅದರ ಭಾಷೆಯ ಯಾವ ಸಾಲನ್ನಾದರೂ ಅಲ್ಲೇ ನಡೆಸಿ ಉತ್ತರ ಪಡೆಯಬಹುದು. ಎಂಪಿವಿ ಪ್ಲೇಯರಿಗೆ ಆರಂಭದಲ್ಲೇ ಒಂದು ಸಾಕೆಟ್ ಹೆಸರಿಸಿದರೆ ಜೇಸನ್ (JSON) ರೂಪದ ಒಂದು ಸಾಲು ಬರೆದು ದನಿ ತಗ್ಗಿಸಬಹುದು, ಹತ್ತು ಸೆಕೆಂಡ್ ಹಿಂದೆ ಕಳಿಸಬಹುದು. ಮಾಡಿದ್ದೇನೆ ಎಂದು ಅದು ಸಾಲು ಬರೆದು ತಿಳಿಸುತ್ತದೆ. ಇವರ ಬಾಗಿಲು ತಾನಾಗಿ ತೆರೆದಿರುವುದೂ ಇಲ್ಲ, ತೆರೆಯಬೇಕೋ ಬೇಡವೋ ಎಂದು ನಿರ್ಧರಿಸುವವನು ಬಳಸುವವನು. ಇಷ್ಟೇ ನನ್ನ ಬೇಡಿಕೆಯ ಸ್ವರೂಪ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಸಾಫ್ಟ್‌ವೇರಿಗಾಗಿ ತಾವು ಪ್ರತಿ ಬಟನ್ನಿಗೂ ಹೆಸರಿಟ್ಟು ಹೊರಗೆ ತೋರಿಸಲೇಬೇಕು. ಲಿನಕ್ಸಿನಲ್ಲಿ ಅದು ನಡೆಯುವುದೂ ಡಿ-ಬಸ್ ಮೇಲೆಯೇ. ಅಂದಮೇಲೆ ತಮ್ಮ ಬಟನ್ನುಗಳ ಪಟ್ಟಿ ತಮ್ಮ ಬಳಿ ಇಲ್ಲ ಎನ್ನುವ ಮಾತು ನಿಲ್ಲುವುದಿಲ್ಲ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. 2024ರ ಅಕ್ಟೋಬರಿನಲ್ಲಿ ಆಂತ್ರೋಪಿಕ್ ಕಂಪನಿ ತನ್ನ ಎಐಗೆ ಕಂಪ್ಯೂಟರ್ ಬಳಸುವುದನ್ನು ಕಲಿಸಿರುವುದಾಗಿ ತೋರಿಸಿತು, ಬೇರೆಯವರೂ ಹಿಂದೆಯೇ ಬಂದರು. ಅದು ಕೆಲಸ ಮಾಡುವ ಬಗೆ ಕೇಳಿ: ಪರದೆಯ ಫೋಟೊ ತೆಗೆಯುತ್ತದೆ, ಫೋಟೊವನ್ನು ದೂರದ ಡೇಟಾ ಸೆಂಟರಿಗೆ ಕಳಿಸುತ್ತದೆ, ಅಲ್ಲಿನ ಯಂತ್ರಗಳು ಅದನ್ನು ದಿಟ್ಟಿಸಿ 'ಸೇವ್' ಬಟನ್ ಎಲ್ಲಿರಬಹುದೆಂದು ಅಂದಾಜಿಸುತ್ತವೆ, ಅಡ್ಡ ಇಷ್ಟು ಉದ್ದ ಇಷ್ಟು ಎಂದು ಅಂಕಿ ಹೇಳುತ್ತವೆ, ಮೌಸ್ ಅಲ್ಲಿಗೆ ಹೋಗಿ ಕ್ಲಿಕ್ ಮಾಡುತ್ತದೆ, ಆಯಿತೋ ಇಲ್ಲವೋ ಎಂದು ನೋಡಲು ಮತ್ತೊಂದು ಫೋಟೊ. 1987ರಲ್ಲಿ 512 ಕಿಲೋಬೈಟಿನ ಯಂತ್ರದಲ್ಲಿ ಒಂದು ಸಾಲಿನಿಂದ ಆಗುತ್ತಿದ್ದ ಕೆಲಸಕ್ಕೆ ಮನುಕುಲ ಕಂಡುಕೊಂಡ ಇತ್ತೀಚಿನ ಮಾರ್ಗ ಇದು. ಖುದ್ದು ಬರಬೇಕೆಂಬ ತಮ್ಮ ನಿಯಮವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ಬೇರಿಲ್ಲ.

ಅದೇ ಕಂಪನಿ ಅದೇ ವರ್ಷದ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ (ಎಂಸಿಪಿ) ಎಂಬ ಒಡಂಬಡಿಕೆಯನ್ನೂ ಮುಂದಿಟ್ಟಿತು. ನಾನು ಯಾವ ಕೆಲಸ ಮಾಡಿಕೊಡಬಲ್ಲೆ, ಅದಕ್ಕೆ ಏನೇನು ಮಾಹಿತಿ ಬೇಕು ಎಂದು ಒಂದು ಅಪ್ಲಿಕೇಶನ್ ಎಐಗೆ ಪಟ್ಟಿ ಒಪ್ಪಿಸುವ ಏರ್ಪಾಡು ಅದು. ಅಂದಿನಿಂದ ತಮ್ಮ ಬಳಗದಲ್ಲಿ ಎಂಥ ಸಡಗರ! ನೋಟ್ಸ್ ಬರೆಯುವವರು, ವಿನ್ಯಾಸ ಮಾಡುವವರು, ಮೂರು ಆಯಾಮದ ಚಿತ್ರ ಕಟ್ಟುವವರು, ಎಲ್ಲರ ಹಣೆಯ ಮೇಲೂ ಎಂಸಿಪಿ. ವರ್ಷಗಟ್ಟಲೆ ನಾವು ಕೇಳುತ್ತಿದ್ದದ್ದು ಇದೇ ಪಟ್ಟಿಯನ್ನು. ನಮಗಿಲ್ಲದ ಬಾಗಿಲು ಎಐಗೆ ತೆರೆದುಕೊಂಡಿದೆ. ಹೊಟ್ಟೆಕಿಚ್ಚು ಇಲ್ಲ, ದೊಡ್ಡವರ ಹಿಂದೆ ನುಸುಳಿ ಒಳಗೆ ಹೋಗುವ ಕಲೆ ನಮಗೆ ಕರಗತ. ಆ ಬಾಗಿಲಿಗೆ ಎಐಯೇ ಬರಬೇಕೆಂದಿಲ್ಲ, ಟರ್ಮಿನಲ್ಲಿನ ಸ್ಕ್ರಿಪ್ಟೂ ಜೇಸನ್ ಹಿಡಿದು ಬರಬಹುದು ಎಂಬುದನ್ನು ತಮ್ಮ ಅವಗಾಹನೆಗೆ ತರುತ್ತೇನೆ.

ಆದಕಾರಣ, ತಮ್ಮ ಮುಂದಿನ ಅಪ್‌ಡೇಟಿನಲ್ಲಿ ಐಕಾನಿನ ಮೂಲೆಗಳನ್ನು ಇನ್ನೊಂದಿಷ್ಟು ದುಂಡಗೆ ಮಾಡಿ ಸಮಯ ಉಳಿದರೆ, ಒಂದು ಸಾಕೆಟ್ ತೆರೆದಿಡಿ, ನಮ್ಮನ್ನು ಕೇಳಿಯೇ ತೆರೆಯಿರಿ. ಒಳಗೆ ಏನೇನು ಕೆಲಸ ಸಿಗುತ್ತದೆಂಬ ಪಟ್ಟಿಯನ್ನು ಡಿಕಾಪಿನಂತೆ ಬಾಗಿಲಲ್ಲೇ ತೂಗುಹಾಕಿ. ಈ ಪತ್ರಕ್ಕೆ ಉದ್ದನೆಯ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ. ಕೆಲಸ ಆದರೆ ಸೊನ್ನೆ, ಆಗದಿದ್ದರೆ ಬೇರೆ ಯಾವುದಾದರೊಂದು ಅಂಕಿ, ಅಷ್ಟು ಹಿಂದಿರುಗಿಸಿದರೆ ಸಾಕು.

ಇಂತಿ ತಮ್ಮ ವಿಧೇಯ,
ಟರ್ಮಿನಲ್ ಬಳಕೆದಾರ